ಸ್ಟೆಪ್ನಿ ಇದ್ದರೆ ಸಾಲದು, ಗಾಳಿ ಇರಬೇಕು

ಕಾರಲ್ಲಿ ದೂರ ಹೊರಡುವ ಮುಂಚೆ ಸ್ಟೆಪ್ನಿ (ಹೆಚ್ಚುವರಿ ಚಕ್ರ), ಜಾಕ್ ಇದೆಯಾ ನೋಡಿಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದೆಯಾ ಅಂತ ನೋಡಿದರೆ ಸಾಲದು ಸರ್.

ಹೋದ ಮಳೆಗಾಲದಲ್ಲಿ ಶಿರಾದಿಂದ ತುಮಕೂರಿಗೆ ಬರುವಾಗ, ಕಳ್ಳಂಬೆಳ್ಳ ದಾಟಿದ ಮೇಲೆ, ರಾತ್ರಿ 9ರ ಸುಮಾರಿಗೆ ಹಿಂದಿನ ಎಡ ಚಕ್ರ ಪಂಕ್ಚರ್ ಆಯಿತು. ಜೊತೆಗೆ ಅಮ್ಮ, ಮಗಳು. ಮೊದಲು ಅವರನ್ನು ಇಳಿಸಿ ರಸ್ತೆ ಬದಿಯ ಕಬ್ಬಿಣದ ತಡೆಯ ಆಚೆ ನಿಲ್ಲಿಸಿದೆ. ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಸುಮಾರು 50 ಮೀಟರ್ ಹಿಂದೆ ಇಟ್ಟು ಬಂದೆ.

ಆದರೆ ಚಕ್ರದ ನಟ್ ಅಲ್ಲಾಡಲೇ ಇಲ್ಲ! ಟೈರ್ ಅಂಗಡಿಯಲ್ಲಿ ಮೆಷಿನ್ ಹಿಡಿದು ಬಿಗಿ ಮಾಡಿದ್ದರು. ಲಾರಿ ಡ್ರೈವರ್ ಅಣ್ಣ ಒಬ್ಬರು ಗಾಡಿ ನಿಲ್ಲಿಸಿ ಬಂದು ಸ್ಪಾನರ್ ಮೇಲೆ ಹತ್ತಿ ನಿಂತಾಗ ಕಿರ್ರ್ ಅಂತ ಬಿಟ್ಟಿತು. ಕಾರು ಎತ್ತುವ ಮೊದಲೇ ನಟ್ ಸಡಿಲ ಮಾಡಬೇಕು, ನೆಂದ ಮಣ್ಣಲ್ಲಿ ಜಾಕ್ ಹೂತುಹೋಗದ ಹಾಗೆ ಕೆಳಗೆ ಹಲಗೆ ಕೊಡಬೇಕು ಅಂತ ಅವರೇ ತೋರಿಸಿಕೊಟ್ಟರು. ಅಷ್ಟೆಲ್ಲ ಮಾಡಿ ಸ್ಟೆಪ್ನಿ ಹಾಕಿ ಇಳಿಸಿದರೆ ಅದು ಚಪ್ಪಟೆ. ಎರಡು ವರ್ಷದಿಂದ ಅದರ ಗಾಳಿ ನೋಡಿಯೇ ಇರಲಿಲ್ಲ. ಕೊನೆಗೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಬೇಕಾಯಿತು. ಈ ನಂಬರ್ ಎಲ್ಲರ ಫೋನಲ್ಲೂ ಇರಲಿ, ದಯವಿಟ್ಟು.

ಇನ್ನೊಂದು ವಿಷಯ. ಟೈರಿನ ಪಕ್ಕದ ಮೈಮೇಲೆ, ತಯಾರಾದ ವಾರ ಮತ್ತು ವರ್ಷ ಹೇಳುವ 4 ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಓಡದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ, ಅಲ್ವಾ? ಅದನ್ನೂ ನೋಡಿಕೊಳ್ಳಿ. ಆ ಗಡಿಬಿಡಿಯಲ್ಲಿ ಲಾರಿ ಅಣ್ಣನ ಹೆಸರು ಕೇಳಲು ಮರೆತೆ. ಎಲ್ಲಿದ್ದರೂ ಚೆನ್ನಾಗಿರಲಿ.