ಗೋಗಿಯ ಮಣ್ಣನ್ನು ಮೊದಲು ಅಳೆಯಿರಿ

ನಿನ್ನೆ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ರೈತರ ಸಭೆಯೊಂದಕ್ಕೆ ಹೋಗಿದ್ದೆ. ಯುರೇನಿಯಂ ಗಣಿಯ ಮಾತು ನಡೆದಿರುವ ಗೋಗಿ ಕಡೆಯ ಹಿರಿಯರೊಬ್ಬರು ಎದ್ದು, "ನಮ್ಮ ಹೊಲದ ಮಣ್ಣಾಗ ಯುರೇನಿಯಂ ಎಷ್ಟದ ಅಂತ ಯಾರರೆ ಅಳದು ಕೊಡ್ತೀರೇನ್ರಿ?" ಎಂದು ಕೇಳಿದರು. ವೇದಿಕೆಯಲ್ಲಿದ್ದ ತಜ್ಞರೊಬ್ಬರು "ಬಾಳೆಹಣ್ಣಲ್ಲೂ ವಿಕಿರಣ ಇರುತ್ತೆ, ಹೆದರಬೇಡಿ" ಅಂದರು. ಸಭೆ ನಕ್ಕಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಯಜಮಾನರು ಕೇಳಿದ್ದು ಲೆಕ್ಕ, ಸಿಕ್ಕಿದ್ದು ಸಮಾಧಾನ.

ಬಾಳೆಹಣ್ಣಲ್ಲಿರುವುದು ಪೊಟ್ಯಾಸಿಯಂ-40. ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಮಿಕ್ಕಿದ್ದನ್ನು ಹೊರಹಾಕುತ್ತದೆ. ಯುರೇನಿಯಂ ಇರುವಲ್ಲಿ ಅದರ ಬೆನ್ನಿಗೇ ಇರುವ ರೇಡಿಯಂ ಹಾಗಲ್ಲ, ಕ್ಯಾಲ್ಸಿಯಂ ದಾರಿ ಹಿಡಿದು ಮೂಳೆಯಲ್ಲಿ ಕೂರುತ್ತದೆ. ಅದು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಕುಡಿಯುವ ನೀರಿನಲ್ಲಿ ಬಂದ ಯುರೇನಿಯಂ ಮೊದಲು ಕೆಡಿಸುವುದು ಮೂತ್ರಪಿಂಡವನ್ನು. ಇದೆಲ್ಲ ವೇದಿಕೆಯಲ್ಲಿದ್ದವರಿಗೆ ಗೊತ್ತಿಲ್ಲದ್ದೇನಲ್ಲ.

ಎಲ್ಲ ಮಣ್ಣಲ್ಲೂ ಯುರೇನಿಯಂ, ಥೋರಿಯಂ ಸಹಜವಾಗಿಯೇ ಇರುತ್ತವೆ, ಒಪ್ಪಿದೆ. ಜಗತ್ತಿನ ಸರಾಸರಿ ತೆಗೆದರೆ ಕಿಲೋ ಮಣ್ಣಿಗೆ ರೇಡಿಯಂ 30ರಿಂದ 35 ಬೆಕೆರೆಲ್ (ವಿಕಿರಣದ ಅಳತೆ). ಆ ಯಜಮಾನರ ಹೊಲದಲ್ಲಿ ಎಷ್ಟು? 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡನ್ನು ತೆಗೆದು ನೋಡಿ. ಸಾರಜನಕ, ರಂಜಕ, ಸತು, ಬೋರಾನ್, ರಸಸಾರ ಎಂದು ಒಟ್ಟು 12 ಸಾಲು. ನಮ್ಮ ಕಾಕಾನ ಕಾರ್ಡಿನಲ್ಲಿ ಸತುವಿನ ಮುಂದೆ 'ಕಡಿಮೆ' ಅಂತ ಬರೆದು, ಎಕರೆಗೆ ಎಷ್ಟು ಹಾಕಬೇಕೆಂದೂ ಹೇಳಿದ್ದಾರೆ. ಯುರೇನಿಯಂ ಇದೆಯೆಂದು ಸರ್ಕಾರವೇ ಗುರುತಿಸಿದ ಸೀಮೆಯಲ್ಲೂ ಕಾರ್ಡಿನಲ್ಲಿ ಹದಿಮೂರನೇ ಸಾಲಿಲ್ಲ.

ಅಳೆಯುವುದು ಸುಲಭ ಅಂತ ನಾನೂ ಹೇಳುವುದಿಲ್ಲ. ಮಣ್ಣು ಒಣಗಿಸಿ, ಜರಡಿ ಹಿಡಿದು, ಡಬ್ಬಿಯಲ್ಲಿ ಗಾಳಿಯಾಡದಂತೆ ಸುಮಾರು ಒಂದು ತಿಂಗಳು ಮುಚ್ಚಿಡಬೇಕು. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಒಳಗೇ ನಿಂತ ಮೇಲೆ ಮಣ್ಣಿಂದ ಹೊಮ್ಮುವ ಗಾಮಾ ಕಿರಣಗಳನ್ನು ಎಣಿಸಬೇಕು. ಆದರೆ ಆ ಯಂತ್ರಗಳು ನಮ್ಮ ದೇಶದಲ್ಲೇ ಇವೆ.

ಆಂಧ್ರದ ಕಡಪದಲ್ಲಿರುವ ತುಮ್ಮಲಪಲ್ಲೆಯ ಯುರೇನಿಯಂ ಗಣಿ ನೋಡಿ. ಅಲ್ಲಿನ ಅದಿರು ಎಷ್ಟು ತೆಳುವೆಂದರೆ, ಟನ್ ಕಲ್ಲು ಅರೆದರೂ ಒಂದು ಕಿಲೋ ಯುರೇನಿಯಂ ಸಿಗದು. ಉಳಿದ ಪುಡಿಯೆಲ್ಲ ತ್ಯಾಜ್ಯದ ಹೊಂಡಕ್ಕೆ. ಅದಿರಿನ ವಿಕಿರಣದಲ್ಲಿ ಸುಮಾರು ಶೇ. 85 ಆ ಪುಡಿಯಲ್ಲೇ ಉಳಿಯುತ್ತದೆ. ಬೋರ್ ನೀರು ಕೆಟ್ಟಿತು, ಬಾಳೆ ತೋಟ ಹಾಳಾಯಿತು ಎಂದು ಅಲ್ಲಿನ ರೈತರು ವರ್ಷಗಳಿಂದ ಕೂಗುತ್ತಿದ್ದಾರೆ. ಇಂಥ ಕೂಗಿಗೆಲ್ಲ ಸಿಗುವ ಉತ್ತರ ಒಂದೇ: ನಿಮ್ಮ ನೆಲದ ಗುಣವೇ ಹಾಗೆ. ಗಣಿಗೆ ಮುಂಚಿನ ಅಂಕಿ ರೈತನ ಕೈಯಲ್ಲಿದ್ದರೆ ಈ ಮಾತು ಯಾರ ಬಾಯಲ್ಲೂ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಅಳೆದರೆ ಜನ ಗಾಬರಿಯಾಗ್ತಾರೆ, ಹೊಲದ ರೇಟು ಬೀಳುತ್ತೆ ಅಂತ ಗೆಳೆಯರೊಬ್ಬರು ವಾದಿಸಿದರು. ನಮ್ಮ ಹೊಲವೂ ಅದೇ ಸೀಮೆಯಲ್ಲಿದೆ, ಮಾರಾಯರೇ. ರೇಟು ಬಿದ್ದರೆ ನನಗೂ ಪೆಟ್ಟು. ನಮ್ಮವ್ವ ಆ ಬೋರ್ ನೀರನ್ನೇ ಕುಡಿದು ಬದುಕಿದಳು. ಅದರಲ್ಲಿ ಏನಿತ್ತೆಂದು ಅವಳಿಗೆ ಯಾರೂ ಹೇಳಲಿಲ್ಲ. ಅದು ನನ್ನನ್ನು ಸುಡುತ್ತದೆ.

ಗೋಗಿಯಲ್ಲಿ ಗಣಿ ಬೇಕೋ ಬೇಡವೋ ಎಂಬ ಜಗಳ ಆಮೇಲಿರಲಿ. ಮೊದಲು ಸುತ್ತಲಿನ ಹಳ್ಳಿಗಳ ಹತ್ತಿ, ತೊಗರಿ ಹೊಲಗಳಿಂದ ಮಣ್ಣು ತೆಗೆಯಿರಿ. ಬೋರ್ ನೀರೂ ತೆಗೆಯಿರಿ. ಯುರೇನಿಯಂ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿದೆಯೋ ಇಲ್ಲವೋ ಹೇಳಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು, ಸರ್ವೆ ನಂಬರ್ ಹಾಕಿ, ಸೀಲು ಒತ್ತಿ ಒಂದು ಪ್ರತಿ ಪಂಚಾಯಿತಿಗೂ ಒಂದು ಪ್ರತಿ ರೈತನ ಕೈಗೂ ಕೊಡಿ.