ಟೋಲ್ ಇಲ್ಲದ ಊರಿನ ಟೋಲ್ ಲೆಕ್ಕ

ನಮ್ಮ ಕೊಡಗಿನೊಳಗೆ ಟೋಲ್ ಗೇಟ್ ಇಲ್ಲ. ರೈಲೂ ಇಲ್ಲ. ಹಾಗಾಗಿ ದೊಡ್ಡಾಸ್ಪತ್ರೆ, ನೆಂಟರ ಮದುವೆ, ಮಕ್ಕಳ ಕಾಲೇಜು, ಏನೇ ಇರಲಿ, ಗಾಡಿ ಹತ್ತಿ ಬೆಟ್ಟ ಇಳಿಯಲೇಬೇಕು. ಕುಶಾಲನಗರ, ಹುಣಸೂರು ದಾಟಿ ಮೈಸೂರು ಮುಟ್ಟುವವರೆಗೂ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ಗೆ ಕೆಲಸವಿಲ್ಲ. ನಮ್ಮ ಜೊತೆ ಅದೂ ಸುಮ್ನೆ ಕೂತು ದಾರಿ ನೋಡಿಕೊಂಡು ಬರುತ್ತದೆ. ಶ್ರೀರಂಗಪಟ್ಟಣ ದಾಟಿ ಗಣಂಗೂರು ಟೋಲ್ ಗೇಟ್ ಬಂದಾಗ ಅದಕ್ಕೆ ಎಚ್ಚರವಾಗುತ್ತದೆ. ಈಚೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೊರಟರೆ ಬಿ.ಸಿ. ರೋಡ್ ಕಳೆದ ಮೇಲೆ ಬ್ರಹ್ಮರಕೂಟ್ಲು.

ಇಷ್ಟು ಅಪರೂಪಕ್ಕೆ ಟೋಲ್ ಕೊಡುವವರಿಗೆ ಅದರ ಲೆಕ್ಕ ಬರೆದಿಡುವ ಚಟ ಯಾಕೆ ಅಂತ ಮನೆಯವಳು ಕೇಳುತ್ತಾಳೆ. ಅಪರೂಪ ಅನ್ನುವುದಕ್ಕೇ ಲೆಕ್ಕ ಇಡಲು ಆಗುತ್ತದೆ ಅನ್ನುವುದು ನನ್ನ ವಾದ. ದಿನಾ ಗೇಟ್ ದಾಟುವವರು ಸ್ಟೇಟ್‌ಮೆಂಟ್ ನೋಡಿಕೊಂಡು ಕೂತರೆ ಕೆಲಸಕ್ಕೆ ಹೋಗೋದು ಯಾವಾಗ? ನಮ್ಮದು ಹಾಗಲ್ಲ. ಹೋದ ದಿನ ನೆನಪಿರುತ್ತದೆ, ಯಾಕೆ ಹೋದೆವು ಅನ್ನುವುದೂ ನೆನಪಿರುತ್ತದೆ. ಒಂದು ಸಾಲು ಜಾಸ್ತಿ ಇದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಚಟ ಹತ್ತಿದ್ದು ಒಂದು ಗೇಟಿನಲ್ಲಿ ಟ್ಯಾಗ್ ಓದುವ ರೀಡರ್ ಕೈಕೊಟ್ಟ ಮೇಲೆ. ಯಾವ ಗೇಟು ಅಂತ ಹೇಳುವುದು ಬೇಡ, ಪಾಪ, ಅಲ್ಲಿ ನಿಂತಿದ್ದ ಹುಡುಗರು ಒಳ್ಳೆಯವರೇ. ಮೇಲೆ ನೇತುಹಾಕಿದ ಬಿಳಿ ಡಬ್ಬಿ ನಮ್ಮ ಟ್ಯಾಗನ್ನು ನೋಡಲೇ ಇಲ್ಲ. ಮುಂದೆ ಬನ್ನಿ ಅಂದರು. ಹಿಂದೆ ಹೋಗಿ ಅಂದರು. ಒಬ್ಬ ಹುಡುಗ ಕೈಮೆಷಿನ್ ತಂದು ಗಾಜಿಗೆ ಒತ್ತಿ ಹಿಡಿದ, ಅದೂ ತೆಪ್ಪಗಿತ್ತು. ಹಿಂದಿನಿಂದ ಹಾರ್ನ್ ಶುರುವಾಯಿತು. ಕೊನೆಗೆ ಟ್ಯಾಗ್ ಕೆಲಸ ಮಾಡ್ತಿಲ್ಲ ಸಾರ್, ಕ್ಯಾಶ್ ಕೊಡಿ, ಡಬಲ್ ಆಗುತ್ತೆ ಅಂದರು. ಕೊಟ್ಟು, ಚೀಟಿ ಇಸ್ಕೊಂಡು ಹೊರಟೆವು. ಅದೇ ಸಂಜೆ ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿದಾಗ ಫೋನ್ ಟಿಂಗ್ ಅಂದಿತು. ಅದೇ ಗೇಟು, ಅದೇ ಗಾಡಿ. ಟ್ಯಾಗ್‌ನಿಂದಲೂ ದುಡ್ಡು ಕಟ್. ಒಂದು ಗೇಟಿಗೆ ಒಟ್ಟು ಮೂರು ಪಟ್ಟು!

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮ ಹಿರಿಯರು ಗಾದೆ ಮಾಡಿದ್ದರಲ್ಲ, ಅವರ ಕಾಲದಲ್ಲಿ ಹೇಳಿಕೊಳ್ಳಲು ಎದುರಿಗೆ ಒಬ್ಬ ಸುಂಕದವನಾದರೂ ಇರುತ್ತಿದ್ದ. ಈಗ ಕಾಫಿ ಲೋಟ ಹಿಡಿದುಕೊಂಡು ಯಾರಿಗೆ ಹೇಳುವುದು?

ನಿಯಮ ಏನೋ ಚೆನ್ನಾಗಿಯೇ ಇದೆ. ಟ್ಯಾಗ್ ಸರಿ ಇದ್ದು, ಅದರಲ್ಲಿ ದುಡ್ಡಿದ್ದು, ಗೇಟಿನ ಯಂತ್ರವೇ ಕೆಟ್ಟಿದ್ದರೆ ಗಾಡಿಯನ್ನು ಪುಕ್ಕಟೆ ಬಿಡಬೇಕು. ಸೊನ್ನೆ ರೂಪಾಯಿಯ ಚೀಟಿಯನ್ನೂ ಕೊಡಬೇಕು. ಹೆದ್ದಾರಿ ಶುಲ್ಕದ ನಿಯಮಕ್ಕೆ 2018ರಲ್ಲೇ ಈ ಮಾತು ಸೇರಿದೆ. ಆದರೆ ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ, ಹಿಂದಿನ ಸೀಟಿನಲ್ಲಿ ಅಮ್ಮ ಕೊಟ್ಟು ಬಾರೋ ಅತ್ಲಾಗೆ ಅನ್ನುತ್ತಿರುವಾಗ, ಗಾಜು ಇಳಿಸಿ ನಿಯಮ ಹೇಳುವ ಗಂಡಸು ಯಾರಿದ್ದಾನೆ?

ಜಗಳವೆಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಕೆಟ್ಟಿದ್ದು ಟ್ಯಾಗೋ, ರೀಡರೋ? ಟ್ಯಾಗ್ ಕೆಟ್ಟಿದ್ದರೆ ತಪ್ಪು ನಮ್ಮದು, ನಮಗೆ ಹೀಗಾದಾಗ ಕ್ಯಾಶಿಗೆ ಎರಡು ಪಟ್ಟು ಇತ್ತು. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. ರೀಡರ್ ಕೆಟ್ಟಿದ್ದರೆ ಸೊನ್ನೆ. ಟ್ಯಾಗ್ ಒಳಗೆ ಬ್ಯಾಟರಿ ಇಲ್ಲ. ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಒಂದಿಷ್ಟು ಶಕ್ತಿ ತಗೊಂಡು ಅದು ತನ್ನ ನಂಬರ್ ಹೇಳುತ್ತದೆ. ಗಾಜಿನ ಮೇಲೆ ಲೋಹ ಬೆರೆತ ಫಿಲ್ಮ್ ಇದ್ದರೆ ಹೇಳಿದ್ದು ಕೇಳಿಸುವುದಿಲ್ಲ. ಒಂದು ಸಲ ಕಿತ್ತು ಮತ್ತೆ ಅಂಟಿಸಿದರೆ ಒಳಗಿನ ತಂತಿ ಹರಿದು ಮೂಕವಾಗುತ್ತದೆ. ನಮ್ಮ ಟ್ಯಾಗಿಗೆ ಇಂಥ ಕಾಯಿಲೆ ಯಾವುದೂ ಇರಲಿಲ್ಲ. ಅದಕ್ಕೆ ಸಾಕ್ಷಿ ನನ್ನ ಬಾಯಿಮಾತಲ್ಲ, ಅದೇ ದಿನದ ಇನ್ನೊಂದು ಸಾಲು. ಬೆಳಿಗ್ಗೆ ಬೇರೆ ಗೇಟಿನಲ್ಲಿ ಅದೇ ಟ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಓದಿಸಿಕೊಂಡಿತ್ತು. ಒಂದು ಗೇಟಿನ ತಪ್ಪಿಗೆ ಇನ್ನೊಂದು ಗೇಟಿನ ದಾಖಲೆಯೇ ಉತ್ತರ. ಇದು ಹೊಳೆದ ಮೇಲೆ ನಾನು ಸರಿಯಾಗಿ ಕಟ್ ಆದ ಸಾಲುಗಳನ್ನೂ ಬರೆದಿಡತೊಡಗಿದೆ.

ದೂರು ಕೊಡಬೇಕಾದ್ದು ಟ್ಯಾಗ್ ಕೊಟ್ಟ ಬ್ಯಾಂಕಿಗೆ. ಹೆದ್ದಾರಿ ಸಹಾಯವಾಣಿ 1033ಕ್ಕೂ ಫೋನ್ ಮಾಡಬಹುದು. ಎಲ್ಲಿ ಮಾಡಿದರೂ ಕೇಳುವುದು ಅವೇ ನಾಲ್ಕು ವಿಷಯ. ಗಾಡಿ ನಂಬರ್, ಗೇಟಿನ ಹೆಸರು, ದಿನ ಮತ್ತು ಹೊತ್ತು, ಎಷ್ಟು ದುಡ್ಡು. ಮೊದಲ ಎರಡು ಸುಲಭ, ದುಡ್ಡಂತೂ ಯಾರೂ ಮರೆಯುವುದಿಲ್ಲ. ಹೊತ್ತು ಮಾತ್ರ ನಮ್ಮ ಊರಿನಲ್ಲಿ ದೊಡ್ಡ ತಲೆನೋವು.

ಯಾಕೆ ಅಂದರೆ ಮಳೆಗಾಲ. ಗಾಳಿಗೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ. ಎರಡು ದಿನ ಫೋನು ಬರೀ ಟಾರ್ಚ್. ಆಮೇಲೆ ಯಾವುದೋ ಹೊತ್ತಿನಲ್ಲಿ ನೆಟ್‌ವರ್ಕ್ ಬಂದಾಗ ಮೆಸೇಜುಗಳು ಸಂತೆ ದಿನದ ಬಸ್ಸಿನಿಂದ ಇಳಿಯುವ ಜನರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬರುತ್ತವೆ. ಹೋಗುವಾಗಿನ ಗೇಟು ಕೊನೆಗೆ, ಬರುವಾಗಿನದು ಮೊದಲು, ನಡುವೆ ಗ್ಯಾಸ್ ಸಿಲಿಂಡರಿನದು. ಮೆಸೇಜ್ ಬಂದ ಹೊತ್ತು ನೋಡಿ ದೂರು ಬರೆದರೆ ಕೆಲಸ ಕೆಟ್ಟ ಹಾಗೆಯೇ. ಮೆಸೇಜಿನ ಒಳಗಿರುವ ಹೊತ್ತು ನೋಡಬೇಕು. ಸ್ಟೇಟ್‌ಮೆಂಟ್ ತೆಗೆದರೆ ಅಲ್ಲಿ ಎರಡು ಹೊತ್ತು ಇರುತ್ತವೆ. ಗೇಟಿನಲ್ಲಿ ಟ್ಯಾಗ್ ಓದಿದ್ದು ಒಂದು, ಬ್ಯಾಂಕಿನಲ್ಲಿ ದುಡ್ಡು ಕಟ್ ಆದದ್ದು ಇನ್ನೊಂದು. ನಮಗೆ ಬೇಕಾದ್ದು ಮೊದಲನೆಯದು. ಗಾಡಿ ಆ ಹೊತ್ತಿನಲ್ಲಿ ಎಲ್ಲಿತ್ತು ಅನ್ನುವುದೇ ತಾನೇ ಪ್ರಶ್ನೆ.

ಇನ್ನು ಆ ಚೀಟಿ. ಕ್ಯಾಶ್ ಕೊಟ್ಟಿದ್ದಕ್ಕೆ ಅದೊಂದೇ ಆಧಾರ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮಾಸಿಹೋಗುತ್ತದೆ. ಸರಿ, ನಮ್ಮಲ್ಲಿ ಬಿಸಿಲೇ ಕಮ್ಮಿ ಅಲ್ವಾ ಅಂತ ಗಾಡಿಯ ಖಾನೆಯೊಳಗೆ ಹಾಕಿಟ್ಟೆ ಅನ್ನಿ, ಜುಲೈ ತಿಂಗಳಲ್ಲಿ ಅದನ್ನು ತೆಗೆದು ನೋಡಬೇಕು. ಈ ಊರಿನಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಬೆಲ್ಟಿಗೂ ಬರುತ್ತದೆ, ಬೀರುವಿನಲ್ಲಿಟ್ಟ ಮದುವೆ ಕೋಟಿಗೂ ಬರುತ್ತದೆ. ಟೋಲ್ ಚೀಟಿ ಯಾವ ಲೆಕ್ಕ! ಒಲೆಯ ಮೇಲೆ ಬಟ್ಟೆ ಒಣಗಿಸುವ ಕಡೆ ಇಟ್ಟರೆ ಬೂಷ್ಟೇನೋ ಬರುವುದಿಲ್ಲ, ಆದರೆ ಬಿಸಿಗೆ ಚೀಟಿಯೇ ಇಡಿಯಾಗಿ ಕಪ್ಪಾಗುತ್ತದೆ. ಗೇಟ್ ದಾಟಿ ಗಾಡಿ ಬದಿಗೆ ಹಾಕಿ ಅಲ್ಲೇ ಫೋಟೋ ತೆಗೆಯುವುದೊಂದೇ ದಾರಿ. ನಾನು ಫೋಟೋವನ್ನು ಮನೆಯವಳ ಫೋನಿಗೂ ಕಳಿಸುತ್ತೇನೆ. ಅವಳು ಅದಕ್ಕೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾಳೆ.

ಬರೆದಿಡುವುದು ಮಾತ್ರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿ ತೋಟದ ಮನೆಗಳಲ್ಲಿ ರೇನ್ ಗೇಜ್ ಒಂದು ಅಂಗಳದಲ್ಲಿ, ಮಳೆ ಬರೆಯುವ ಡೈರಿ ಒಂದು ಒಳಗೆ ಇದ್ದೇ ಇರುತ್ತವೆ. ಬೆಳಿಗ್ಗೆ ಎದ್ದು ಹಿಂದಿನ ದಿನದ ಮಳೆ ಅಳೆದು ಬರೆಯಬೇಕು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ಲೆಕ್ಕ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂವಿನ ಮಳೆ ಬಂದ ಮರುದಿನ ಎಲ್ಲರ ಫೋನಿನಲ್ಲೂ ಅದೇ ಮಾತು. ನಿಮ್ಮಲ್ಲಿ ಎಷ್ಟು? ಎಂಬತ್ತು ಸೆಂಟು. ಅಯ್ಯೋ, ನಮ್ಮಲ್ಲಿ ಬರೀ ಮೂವತ್ತು. ಹವಾಮಾನದವರು ಟಿವಿಯಲ್ಲಿ ಜಿಲ್ಲೆಗೆಲ್ಲ ಒಂದೇ ಅಂಕಿ ಹೇಳಿದರೆ ನಾವು ನಂಬುವುದಿಲ್ಲ. ನಮ್ಮ ಅಂಗಳದಲ್ಲಿ ಬಿದ್ದದ್ದು ನಮ್ಮ ಡೈರಿಯಲ್ಲಿದೆ. ಅದು ಸಾಲದು ಅಂತ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಬೇರೆ, ಕಾಫಿ ಚೀಲದ ಲೆಕ್ಕ ಬೇರೆ. ಮಳೆಯನ್ನೇ ಬೇರೆಯವರ ಮಾತಿಗೆ ಬಿಡದವರು ಟೋಲನ್ನು ಬಿಡುತ್ತೇವೆಯೇ? ಡೈರಿಯ ಹಿಂದಿನ ಪುಟಗಳಲ್ಲಿ ಗೆರೆ ಎಳೆದು ಶುರು ಮಾಡಿದೆ.

ಹಾಗೆ ಬರೆಯುತ್ತಾ ಹೋದಂತೆ ಕೆಲವು ಸಂಗತಿ ತಿಳಿದವು. ಬೆಂಗಳೂರಿಗೆ ಹೋಗುವಾಗ ಬಿಡದಿ ಕಡೆ ಕಟ್ ಆಗುವುದು ಶೇಷಗಿರಿಹಳ್ಳಿ ಹೆಸರಿನಲ್ಲಿ. ವಾಪಸ್ ಬರುವಾಗ ಅದು ಕಣಿಮಿಣಿಕೆ. ರಸ್ತೆ ಒಂದೇ, ಹೆಸರು ಎರಡು. ಕಣಿಮಿಣಿಕೆ ಅನ್ನುವ ಊರೇ ನಾವು ನೋಡಿಲ್ಲ, ಮೋಸ ಆಗಿದೆ ಅಂತ ನಮ್ಮ ಭಾವ ಒಮ್ಮೆ ಮನೆಯವರನ್ನೆಲ್ಲ ಗಾಬರಿಗೆ ಹಾಕಿದ್ದರು. ಇನ್ನೊಂದು, 24 ಗಂಟೆಯೊಳಗೆ ಅದೇ ದಾರಿಯಲ್ಲಿ ವಾಪಸ್ ಬಂದರೆ ಹೋಗಿಬರುವ ಎರಡಕ್ಕೂ ಸೇರಿ ಒಂದೂವರೆ ಪಟ್ಟು ಮಾತ್ರ. ಅಂದರೆ ಬರುವಾಗಿನ ಸಾಲಿನಲ್ಲಿ ಅರ್ಧ ಇರಬೇಕು. ಪೂರ್ತಿ ಇದ್ದರೆ ಗಡಿಯಾರ ನೋಡಿಕೊಳ್ಳಬೇಕು. ಮದುವೆ ಮನೆಯಲ್ಲಿ ಇನ್ನೊಂದು ಸುತ್ತು ಹರಟೆ ಹೊಡೆದು 25ನೇ ಗಂಟೆಗೆ ಗೇಟ್ ಮುಟ್ಟಿದರೆ ಅದು ಯಂತ್ರದ ತಪ್ಪಲ್ಲ. ಏಪ್ರಿಲ್ 1ಕ್ಕೆ ದರ ಬದಲಾಗುತ್ತದೆ, ಅದನ್ನೂ ಮೋಸದ ಪಟ್ಟಿಗೆ ಸೇರಿಸಬಾರದು. ಹೀಗೆ ತಪ್ಪಲ್ಲದ್ದನ್ನು ಕಳೆಯುತ್ತಾ ಬಂದರೆ ನಿಜವಾದ ತಪ್ಪು ಉಳಿಯುವುದು ಬಹಳ ಕಮ್ಮಿ. ಇದನ್ನು ಹೇಳಲು ಸ್ವಲ್ಪ ಬೇಜಾರೇ. ಇಷ್ಟು ಕಷ್ಟಪಟ್ಟು ಗೆರೆ ಎಳೆದ ಮೇಲೆ ಒಂದೆರಡಾದರೂ ಸಿಗಬಾರದೇ?

ನನ್ನ ದುಡ್ಡು ಕೆಲವು ವಾರ ಬಿಟ್ಟು ಬಂತು. ಟ್ಯಾಗಿಂದ ಕಟ್ ಆದದ್ದು ಮಾತ್ರ ಬಂತು, ಕ್ಯಾಶ್ ಕೊಟ್ಟದ್ದು ಹೋಯಿತು. ಅಷ್ಟಕ್ಕೇ ಮನೆಯವಳು ಹೋಳಿಗೆ ಮಾಡಲೋ ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಈಗ ನಮ್ಮ ಪಕ್ಕದ ತೋಟದ ಅಣ್ಣನದು ಬೇರೆಯೇ ಕೇಸು. ಅವರು 2025ರ ಆಗಸ್ಟ್ 15ರಿಂದ ಬಂದಿರುವ ವಾರ್ಷಿಕ ಪಾಸ್ ಮಾಡಿಸಿದ್ದಾರೆ. ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ, ಶುರುವಾದಾಗಿನ ದರದಲ್ಲಿ 3,000 ರೂಪಾಯಿಗೆ 200 ಟ್ರಿಪ್, ಇಲ್ಲವೇ ಒಂದು ವರ್ಷ, ಯಾವುದು ಮೊದಲು ಮುಗಿಯುತ್ತದೋ ಅದು. ಒಂದು ಗೇಟ್ ದಾಟಿದರೆ ಒಂದು ಟ್ರಿಪ್. ಬೆಂಗಳೂರಿಗೆ ಹೋಗಿ ಬಂದರೆ ನಾಲ್ಕು. ಮಗಳು ಅಲ್ಲಿರುವುದರಿಂದ ಅವರಿಗೆ ಲಾಭವೇ. ಮಳೆ ಜೋರಾಗಿದ್ದಾಗ ಒಂದು ಮಧ್ಯಾಹ್ನ ಕೊಡೆ ಹಿಡಿದು ಬಂದರು. ಜೀಪು ಶೆಡ್ಡಿನಲ್ಲಿದ್ದ ದಿನ ಎಲ್ಲಿಯದೋ ಗೇಟಿನಲ್ಲಿ ಒಂದು ಟ್ರಿಪ್ ಕಟ್ ಆಗಿತ್ತು.

“ದುಡ್ಡಾದರೆ ವಾಪಸ್ ಕೊಡಿ ಅನ್ನಬಹುದು ಮಾರಾಯ. ಟ್ರಿಪ್ಪನ್ನು ಹೇಗೆ ವಾಪಸ್ ಕೇಳೋದು?”

“ಹಾಗೇ ಕೇಳೋದು ಅಣ್ಣಾ. ಮನೆಯಲ್ಲಿ ನಿಂತ ಗಾಡಿಗೆ ಕಟ್ ಆಗೋದು ಹೊಸದೇನಲ್ಲ.”

ಅದು ಹೌದು. ಗೇಟಿನಲ್ಲಿ ಟ್ಯಾಗ್ ಓದದೇ ಹೋದಾಗ ಗಾಡಿ ನಂಬರನ್ನು ಕೈಯಲ್ಲಿ ಟೈಪ್ ಮಾಡುವುದುಂಟು. ಒಂದು ಅಂಕಿ ಆಚೀಚೆ ಆದರೆ ಯಾರದೋ ಲಾರಿಯ ಟೋಲು ಇನ್ಯಾರದೋ ಜೀಪಿಗೆ. ಹೀಗೆ ತಪ್ಪಾಗಿ ಕಟ್ ಮಾಡಿದ ಟೋಲ್ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿ ಮೇಲ್ಪಟ್ಟು ದಂಡ ಹಾಕಲು ಶುರು ಮಾಡಿದ ಮೇಲೆ ದೂರು ಬಹಳ ಇಳಿದಿದೆ ಅಂತ ಹೆದ್ದಾರಿ ಪ್ರಾಧಿಕಾರ 2025ರ ಆರಂಭದಲ್ಲಿ ಹೇಳಿತ್ತು. ತಿಂಗಳಿಗೆ ಸುಮಾರು 30 ಕೋಟಿ ವ್ಯವಹಾರ ನಡೆದರೆ ನಿಜವಾದ ದೂರು 50ರ ಆಸುಪಾಸು ಅಂತೆ. ಅಂಕಿ ಕೇಳಿ ಅಣ್ಣನಿಗೆ ಒಂಥರಾ ಹೆಮ್ಮೆಯೇ ಆಯಿತು.

“ಆ ದಿನ ಜೀಪು ಹೊರಗೆ ಹೋಗಿಲ್ಲ ಅನ್ನೋಕೆ ಏನಿದೆ?” ಅಂತ ಕೇಳಿದೆ. ಅವರು ಮಾತಾಡದೆ ಮನೆಗೆ ಹೋಗಿ ಮಳೆ ಡೈರಿ ತಂದರು. ಆ ದಿನದ ಸಾಲು ಹೀಗಿತ್ತು: ಮೂರು ಇಂಚು ನಲವತ್ತು ಸೆಂಟು. ತಿರುವಿನಲ್ಲಿ ಬಳಂಜಿ ಮರ ಬಿದ್ದು ರಸ್ತೆ ಬಂದ್. ಹಾಲು ಬಂದಿಲ್ಲ. ಆಳು ಇಲ್ಲ.

ಹಾಲಿನವನೇ ಒಳಗೆ ಬರಲಾಗದ ದಿನ ಜೀಪು ಹೊರಗೆ ಹೋಗುವುದು ಹೇಗೆ? ಆ ಪುಟದ ಫೋಟೋ ತೆಗೆದು ದೂರಿನ ಜೊತೆ ಕಳಿಸಿಯಾಗಿದೆ. ಮೂರು ಇಂಚು ಅಂದರೆ ಎಷ್ಟು ಮಳೆ, ಸೆಂಟು ಅಂದರೇನು ಅಂತ ಅಲ್ಲಿಂದ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ ಅಂತ ಅಣ್ಣ ಕಾಯುತ್ತಿದ್ದಾರೆ. ವಿವರಿಸಲು ಅವರಿಗೆ ಅರ್ಧ ಗಂಟೆಯಾದರೂ ಬೇಕು. ನೆಟ್‌ವರ್ಕ್ ಇದ್ದರೆ.