ಸ್ಪಷ್ಟನೆ: ಎಲ್ಲ ಮಕ್ಕಳಿಗೂ ಸಮಾನ ಸಮಯ ಫಿಫಾ ನಿಯಮವಲ್ಲ

"ಮಕ್ಕಳ ಫುಟ್‌ಬಾಲ್‌ನಲ್ಲಿ ಎಲ್ಲರನ್ನೂ ಸಮನಾಗಿ ಆಡಿಸುವುದು ಫಿಫಾ ನಿಯಮ. ಆಡಿಸದಿದ್ದರೆ ರೆಫರಿಗೆ ದೂರು ಕೊಡಿ" ಎಂಬ ಸಂದೇಶ ಪೋಷಕರ ನಡುವೆ ಓಡಾಡುತ್ತಿದೆ. ಇದು ತಪ್ಪು. ಆಟದ ನಿಯಮ ರೂಪಿಸುವುದು ಐಎಫ್‌ಎಬಿ (ಅಂತಾರಾಷ್ಟ್ರೀಯ ಫುಟ್‌ಬಾಲ್ ನಿಯಮ ಮಂಡಳಿ). ಅದರ 17 ನಿಯಮಗಳಲ್ಲಿ ಯಾರನ್ನು ಎಷ್ಟು ಹೊತ್ತು ಆಡಿಸಬೇಕೆಂಬ ಮಾತೇ ಇಲ್ಲ. ರೆಫರಿ ಪಾಪ, ಏನು ಮಾಡಿಯಾರು?

ಹಾಗಂತ ಕೋಚ್ ಆಡಿಸಿದ್ದೇ ಆಟವೂ ಅಲ್ಲ. ಮಕ್ಕಳ ಪಂದ್ಯಗಳಲ್ಲಿ ಹೊರಬಂದವರು ಮತ್ತೆ ಕಣಕ್ಕಿಳಿಯಲು ಅವಕಾಶ ಕೊಡುವ ಅಧಿಕಾರವನ್ನು ಆ ನಿಯಮಗಳೇ ರಾಷ್ಟ್ರೀಯ ಸಂಸ್ಥೆಗಳಿಗೆ ಬಿಟ್ಟಿವೆ. ಅಮೆರಿಕದ ಮಕ್ಕಳ ಫುಟ್‌ಬಾಲ್ ಸಂಸ್ಥೆ ಎವೈಎಸ್‌ಒದಲ್ಲಿ ಪ್ರತಿ ಮಗುವೂ ಕನಿಷ್ಠ ಅರ್ಧ ಪಂದ್ಯ ಆಡಬೇಕು. ಅದು ಆ ಸಂಸ್ಥೆಯದೇ ನಿಯಮ.

"ಲೆಕ್ಕ ಇಡುವುದು ಕಷ್ಟ" ಎಂಬ ನೆಪವನ್ನೂ ನಾನು ಒಪ್ಪುವುದಿಲ್ಲ. ಕಣದಲ್ಲಿ 7 ಮಕ್ಕಳು, ತಂಡದಲ್ಲಿ 10, ಪಂದ್ಯ 40 ನಿಮಿಷ ಎಂದುಕೊಳ್ಳಿ. ಒಟ್ಟು 280 ನಿಮಿಷ, ತಲೆಗೆ 28. ಒಂದು ಚೀಟಿ, ಒಂದು ಗಡಿಯಾರ ಸಾಕು. ಗೋಲ್‌ಕೀಪರ್ ವಿಷಯ ಮಾತ್ರ ತುಸು ತಲೆನೋವು: ಕೈಗವಸು ಬಿಚ್ಚಿಕೊಡಲು ಒಪ್ಪದ ಮಗು, ಅದನ್ನು ಮುಟ್ಟಲೂ ಒಲ್ಲದ ಮಗು ಒಂದೇ ತಂಡದಲ್ಲಿರುತ್ತಾರೆ.

ದೂರಿದ್ದರೆ ಮೊದಲು ಟೂರ್ನಿಯ ನಿಯಮಾವಳಿ ಓದಿ, ಸಂಘಟಕರನ್ನು ಕೇಳಿ.